ಕಂಪ್ರೆಷನ್ ಸ್ಟಾಕಿಂಗ್ಸ್: ವಾರ್ಡ್‌ನಲ್ಲಿ ನಿಂತೇ ಇರುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಉದ್ದ ಸಾಕ್ಸ್, ಒಳ್ಳೆ ಮಾಲು. ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್. ನೈಟ್ ಅಂದರೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸಿ ಹೊರಡುವಷ್ಟರಲ್ಲಿ ಒಂಬತ್ತಾಗುತ್ತದೆ. ಮೊದಲೆಲ್ಲ ಆ ಹೊತ್ತಿಗೆ ಪಾದ ಊದಿ, ಮೀನಖಂಡ ಕಲ್ಲಾಗಿರುತ್ತಿತ್ತು. ಈಗ ಆ ಊತ ಇಲ್ಲ, ನೋವು ಅರ್ಧಕ್ಕರ್ಧ ಕಡಿಮೆ.

ನನ್ನದು ಮೊಣಕಾಲಿನವರೆಗಿನದು, 15–20 ಎಂಎಂಎಚ್‌ಜಿ (ಬಿಪಿ ಅಳೆಯುವ ಅದೇ ಮಾಪನ) ಒತ್ತಡದ್ದು. ಕಣಕಾಲಿನ ಹತ್ತಿರ ಜಾಸ್ತಿ ಬಿಗಿ, ಮೇಲೆ ಹೋದಂತೆ ಸಡಿಲ. ನಿಂತೇ ಇದ್ದರೆ ಕಾಲಲ್ಲಿ ತುಂಬಿಕೊಳ್ಳುವ ರಕ್ತ ಇದರಿಂದ ಮೇಲಕ್ಕೆ ಸರಿಯುತ್ತದೆ. ಅಳತೆಯನ್ನು ಎದ್ದ ತಕ್ಷಣ, ಕಾಲು ಊದುವ ಮುಂಚೆ ತೆಗೆದುಕೊಳ್ಳಿ. ಹಾಕಿಕೊಳ್ಳುವುದು ಮಾತ್ರ ಒಂದು ಕುಸ್ತಿ. ಒಳಮಗ್ಗಲು ಹೊರಗೆ ಮಾಡಿ, ಹಿಮ್ಮಡಿ ಸರಿಯಾಗಿ ಕೂರಿಸಿ, ನಿಧಾನಕ್ಕೆ ಎಳೆಯಬೇಕು. ಮೇಲ್ತುದಿ ಉದ್ದವಾಯಿತೆಂದು ಮಡಚಬೇಡಿ, ಅಲ್ಲೇ ಬಿಗಿದು ರಕ್ತ ಸಾಗದೆ ನಿಲ್ಲುತ್ತದೆ.

ದೂರು ಅಂದರೆ ಬೇಸಿಗೆಯಲ್ಲಿ ಬೆವರು, ಪಟ್ಟಿ ಇರುವ ಕಡೆ ತುರಿಕೆ. ಕೆಲವು ತಿಂಗಳಲ್ಲಿ ಎಲಾಸ್ಟಿಕ್ ಸಡಿಲವಾಗುತ್ತದೆ, ಆಮೇಲೆ ಅದು ಸುಮ್ನೆ ದುಬಾರಿ ಸಾಕ್ಸ್ ಅಷ್ಟೇ.

ಇನ್ನು ಡಬ್ಬದ ಮೇಲಿನ ಮಾತು. ದಿನವಿಡೀ ಆಯಾಸವೇ ಇಲ್ಲವಂತೆ! ಯಾರ ಆಯಾಸ ಸ್ವಾಮಿ? ನಮ್ಮ ವಾರ್ಡ್‌ನಲ್ಲಿ 28 ಬೆಡ್, ನೈಟ್‌ಗೆ ಇಬ್ಬರು. ಒಬ್ಬರ ಡ್ರಿಪ್ ಮುಗಿದಿರುತ್ತದೆ, ಇನ್ನೊಬ್ಬರು ಕ್ಯಾನುಲಾ (ಡ್ರಿಪ್‌ಗೆ ಕೈಗೆ ಹಾಕಿದ ನಳಿಕೆ) ಕಿತ್ತುಕೊಂಡಿರುತ್ತಾರೆ, ಮೂರನೆಯವರ ಮಗ "ಸಿಸ್ಟರ್, ಎಷ್ಟು ಸಲ ಕರೆಯೋದು?" ಅಂತ ಕೌಂಟರ್ ಮುಂದೆ ನಿಂತಿರುತ್ತಾನೆ. ಅವನ ಸಿಟ್ಟೂ ತಪ್ಪಲ್ಲ. ಬಾತ್‌ರೂಮಿಗೆ ಹೋಗುವುದು ತಪ್ಪುತ್ತದೆ ಅಂತ ನೀರು ಕುಡಿಯದೇ ಇರುವವರು ನಮ್ಮಲ್ಲಿ ಎಷ್ಟೋ ಜನ. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡ್‌ನಲ್ಲಿ 3 ರೋಗಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ರಜೆ ತುಂಬಲು ಅದರ ಮೇಲೆ ಶೇ. 30 ಜನ ಬೇರೆ. ನಮ್ಮಲ್ಲಿ ಯಾರಾದರೂ ಲೀವ್ ಹಾಕಿದರೆ ಆಫ್ ಇರುವವರಿಗೆ ಇನ್‌ಚಾರ್ಜ್ ಸಿಸ್ಟರ್ ಫೋನ್ ಬರುತ್ತದೆ. ಪಾಪ, ಅವರಾದರೂ ಏನು ಮಾಡುತ್ತಾರೆ?

ಮೇ 12, ದಾದಿಯರ ದಿನಕ್ಕೆ ನಮಗೆ ಒತ್ತಡ ನಿಭಾಯಿಸುವ ಬಗ್ಗೆ ಉಪನ್ಯಾಸ ಇಟ್ಟಿದ್ದರು. ನೈಟ್ ಮುಗಿಸಿದವರನ್ನೂ ಮನೆಗೆ ಬಿಡದೆ ಕೂರಿಸಿದರು. ಕೇಕ್ ಚೆನ್ನಾಗಿತ್ತು.

ಹಾಗಾಗಿ ಸ್ಟಾಕಿಂಗ್ಸ್‌ಗೆ ಐದಕ್ಕೆ ನಾಲ್ಕು, ಕಾಲಿನ ಮಟ್ಟಿಗೆ ಮಾತ್ರ. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿಯುವವರು, ಕಾಲಿಗೆ ರಕ್ತ ಸರಿಯಾಗಿ ಇಳಿಯದವರು ಡಾಕ್ಟರನ್ನು ಕೇಳದೆ ಹಾಕಬೇಡಿ. ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ. ಸಾಲು ನೈಟ್ ಇರುವವರು ಎರಡು ಜೊತೆ ತೆಗೆದುಕೊಳ್ಳಿ, ಒಂದು ಒಣಗುವುದರೊಳಗೆ ಮುಂದಿನ ಡ್ಯೂಟಿ ಬಂದಿರುತ್ತದೆ.