ಕಾರಿಗೆ ಪಿನ್ ಲಾಕ್: ಮೂರು ಚಳಿಗಾಲ ಕಳೆದ ಮೇಲೆ

ನಾವಿರುವುದು ಕೆನಡಾದ ಮಿಸ್ಸಿಸಾಗಾದಲ್ಲಿ. ಕಾರು ಲೆಕ್ಸಸ್ ಆರ್‌ಎಕ್ಸ್ 350. ಇಲ್ಲಿನ ಕಳ್ಳರ ಕಣ್ಣು ಇಂಥ ಕಾರುಗಳ ಮೇಲೇ ಜಾಸ್ತಿ. ರಾತ್ರಿ ಕದ್ದು, ಕಂಟೇನರ್‌ಗೆ ತುಂಬಿ, ಮಾಂಟ್ರಿಯಲ್ ಬಂದರಿನಿಂದ ಹೊರದೇಶಕ್ಕೆ ಸಾಗಿಸಿಬಿಡುತ್ತಾರೆ. 2022ರಲ್ಲಿ ಕೆನಡಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಾಹನಗಳು ಕಳುವಾದವು. ನಮ್ಮ ಪಕ್ಕದ ಬೀದಿಯಲ್ಲೇ ಎರಡು ಹೋದವು. ಆಗ ಭಯಬಿದ್ದು ಪಿನ್ ಕೇಳುವ ಇಮ್ಮೊಬಿಲೈಸರ್ (ಬೇರೆಯವರು ಕಾರು ಓಡಿಸದಂತೆ ತಡೆಯುವ ಸಾಧನ) ಹಾಕಿಸಿದೆ.

ಹೊಸ ಕಾರುಗಳಿಗೆ 2007ರಿಂದಲೇ ಇಲ್ಲಿ ಇಮ್ಮೊಬಿಲೈಸರ್ ಕಡ್ಡಾಯ ಅಲ್ವಾ, ಇನ್ನೊಂದು ಯಾಕೆ ಅಂತ ನನಗೂ ಅನಿಸಿತ್ತು. ಆದರೆ ಕಾರಿನ ಜೊತೆ ಬರುವುದು ಕೀ ಒಂದನ್ನೇ ನಂಬುತ್ತದೆ. ಕಳ್ಳರು ಮನೆಯೊಳಗಿನ ಕೀ ಸಿಗ್ನಲ್ ಅನ್ನು ಹೊರಗಿನಿಂದಲೇ ಹಿಡಿದು ಕಾರಿಗೆ ಮುಟ್ಟಿಸುತ್ತಾರೆ. ಇಲ್ಲವೇ ಹೆಡ್‌ಲೈಟ್ ಹಿಂದಿನ ವೈರಿಗೆ ಸಣ್ಣದೊಂದು ಡಬ್ಬಿ ಸಿಕ್ಕಿಸಿ, ಸರಿಯಾದ ಕೀ ಬಂದಿದೆ ಅಂತ ಕಾರಿನ ಕಂಪ್ಯೂಟರಿಗೇ ಸುಳ್ಳು ಹೇಳುತ್ತಾರೆ. ನಾನು ಹಾಕಿಸಿದ್ದಕ್ಕೆ ಕೀ ಇದ್ದರೆ ಸಾಲದು. ಸ್ಟೀರಿಂಗ್ ಮೇಲಿನ ಬಟನ್‌ಗಳನ್ನು ನಾನು ಗೊತ್ತುಮಾಡಿದ ಕ್ರಮದಲ್ಲೇ ಒತ್ತಬೇಕು, ಅದೇ ಪಿನ್. ಒತ್ತದೆ ಹೊರಟರೆ ಎಂಜಿನ್ ಆರಿಹೋಗುತ್ತದೆ.

ಎರಡನೇ ಚಳಿಗಾಲದಲ್ಲಿ ಅದರ ಬೆಲೆ ಗೊತ್ತಾಯಿತು. ಬೆಳಿಗ್ಗೆ ಹೊರಗೆ ಬಂದರೆ ಎಡ ಚಕ್ರದ ಮೇಲಿನ ಪ್ಲಾಸ್ಟಿಕ್ ಕಿತ್ತುಬಂದಿತ್ತು. ಹೆಡ್‌ಲೈಟ್ ವೈರು ನೇತಾಡುತ್ತಿತ್ತು. ಕಾರು ಹಿಮದಲ್ಲಿ ನಾಲ್ಕಡಿ ಹಿಂದೆ ಸರಿದು ನಿಂತಿತ್ತು, ಅಷ್ಟೇ. ನನ್ನ ಕೈಕಾಲು ನಡುಗಿದವು. ಆದರೂ ಕಾರು ಮನೆ ಮುಂದೆಯೇ ಇತ್ತು. ರಿಪೇರಿಗೆ ಖರ್ಚಾಯಿತು, ನಿಜ. ಇದು ಕಾರು ಓಡಿಸಿಕೊಂಡು ಹೋಗುವುದನ್ನು ತಡೆಯುತ್ತದೆ, ಕಾರಿಗೆ ಕೈ ಹಾಕುವುದನ್ನಲ್ಲ. ಅದಕ್ಕೇ ಈಗ ಸ್ಟೀರಿಂಗ್‌ಗೆ ಹಳದಿ ಬಣ್ಣದ ಕಬ್ಬಿಣದ ಲಾಕನ್ನೂ ಹಾಕುತ್ತೇನೆ. ಕಿಟಕಿಯಲ್ಲಿ ಇಣುಕಿದವರಿಗೆ ಮೊದಲು ಅದು ಕಾಣಲಿ ಅಂತ.

ಕೀಯ ಸಿಗ್ನಲ್ ಹೊರಹೋಗದಂತೆ ತಡೆಯುವ ಚೀಲದ ಬಗ್ಗೆ ಒಂದು ಮಾತು. ನನ್ನದು ವರ್ಷ ಕಳೆಯುವಷ್ಟರಲ್ಲಿ ಮಡಿಕೆಯಲ್ಲಿ ಸವೆದಿತ್ತು. ಕೀ ಚೀಲದೊಳಗಿದ್ದಾಗಲೇ ಬಾಗಿಲು ತೆರೆದುಕೊಂಡಿತು! ತಿಂಗಳಿಗೊಮ್ಮೆ ಚೀಲ ಹಿಡಿದು ಕಾರಿನ ಪಕ್ಕ ನಿಂತು ನೋಡಿ. ನನ್ನ ಕೀಯಲ್ಲಿ ಬಿಟ್ಟಿ ಉಪಾಯವೂ ಇದೆ: ಲಾಕ್ ಬಟನ್ ಒತ್ತಿಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ದೀಪ ನಾಲ್ಕು ಸಲ ಮಿನುಗಿ ಕೀ ಮಲಗುತ್ತದೆ. ಬ್ಯಾಟರಿ ಉಳಿಸಲು ಕೊಟ್ಟಿರುವ ಸೌಲಭ್ಯ, ಸಿಗ್ನಲ್ ಕದಿಯುವವರಿಗೂ ಅಡ್ಡಿ.

ತೊಂದರೆಗಳೂ ಇವೆ. ದಾವಣಗೆರೆಯಿಂದ ಬಂದಿದ್ದ ನಮ್ಮ ಮಾವನವರು ಒಮ್ಮೆ ಕಾರನ್ನು ನೆರಳಿಗೆ ನಿಲ್ಲಿಸಲು ಹೋಗಿ, ಎಂಜಿನ್ ಆರಿದ್ದು ನೋಡಿ ಗಾಬರಿಯಾದರು. ತಪ್ಪು ನಮ್ಮದೇ, ಅವರಿಗೆ ಪಿನ್ ಹೇಳಿರಲಿಲ್ಲ. ಕಾರು ಸರ್ವಿಸಿಗೆ ಬಿಡುವಾಗ ಪಿನ್ ಕೇಳದ ಹಾಗೆ ಸರ್ವಿಸ್ ಮೋಡ್‌ಗೆ ಹಾಕಬೇಕು. ಒಮ್ಮೆ ವಾಪಸ್ ತೆಗೆಯಲು ಮರೆತು, ಎರಡು ರಾತ್ರಿ ಕಾರು ಸುಮ್ನೆ ಕಾವಲಿಲ್ಲದೆ ನಿಂತಿತ್ತು. ಈಗ ಸರ್ವಿಸ್ ಸೆಂಟರಿನ ಅಂಗಳದಲ್ಲೇ ಪಿನ್ ಒತ್ತದೆ ಒಮ್ಮೆ ಗೇರ್ ಹಾಕುತ್ತೇನೆ. ಎಂಜಿನ್ ಆರಿದ ಮೇಲೇ ಮನೆಗೆ ಹೊರಡುತ್ತೇನೆ.