ದುಬಾರಿ ಲಿಪ್‌ಸ್ಟಿಕ್‌ಗೆ ಅಗ್ಗದ ಜೋಡಿ: ಮೂರು ವರ್ಷ ಹುಡುಕಿದ ಮೇಲೆ

ಲಿಕ್ವಿಡ್ ಲಿಪ್‌ಸ್ಟಿಕ್ ಒಂದನ್ನು ತಳ ಕಾಣುವವರೆಗೆ ಬಳಸಿದವರು ಕಡಿಮೆ. ಅರ್ಧಕ್ಕೇ ಬೇಜಾರಾಗುತ್ತದೆ, ಇಲ್ಲವೇ ಅದೇ ಒಣಗುತ್ತದೆ. ನಾನು ಒಂದನ್ನು ಪೂರ್ತಿ ಮುಗಿಸಿದ್ದೇನೆ. ತುಂಬಾ ದುಬಾರಿಯದ್ದು, ಹೆಸರು ಬೇಡ. ಒಣಗಿದ ಗುಲಾಬಿ ದಳದ ಬಣ್ಣ. ಮುಗಿದಾಗ ಇನ್ನೊಂದು ಕೊಳ್ಳಲು ಕೈ ಬರಲಿಲ್ಲ. ಆ ದುಡ್ಡಿಗೆ ಡ್ರಗ್‌ಸ್ಟೋರ್ ಬ್ರ್ಯಾಂಡಿನವು, ಅಂದರೆ ಸಾಮಾನ್ಯ ಅಂಗಡಿಯ ಅಗ್ಗದವು, ಮೂರ್ನಾಲ್ಕು ಬರುತ್ತವೆ, ಅಲ್ವಾ? ಹಾಗೆ ಹುಡುಕಲು ಶುರು ಮಾಡಿ ಮೂರು ವರ್ಷವಾಯಿತು. ಈಗ ದಿನಾ ಹಚ್ಚುವವು ಎರಡಿವೆ. ಅವೆರಡು ಸಿಗುವಷ್ಟರಲ್ಲಿ ಬೇಡದವು ಒಂದು ಡಬ್ಬಿ ತುಂಬಿದವು. ಹಾಗಾದರೆ ಉಳಿಸಿದ್ದೆಷ್ಟು ಎಂದು ಮಾತ್ರ ಕೇಳಬೇಡಿ.

ಮೊದಲ ವರ್ಷ ನಾನು ಬರೀ ಬಣ್ಣದ ಹಿಂದೆ ಬಿದ್ದಿದ್ದೆ. 'ಇದಕ್ಕೆ ಇದು ಡ್ಯೂಪ್' (ಅಗ್ಗದ ಜೋಡಿ) ಎಂದು ಯಾರೋ ಎರಡು ಸ್ವಾಚ್ (ಕೈಮೇಲೆ ಬಳಿದ ಬಣ್ಣದ ಪಟ್ಟೆ) ಪಕ್ಕಪಕ್ಕ ಹಾಕಿದ ಫೋಟೋ ನೋಡುವುದು, ತರಿಸುವುದು. ಮುಂಗೈ ಮೇಲೆ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು. ತುಟಿಗೆ ಹಚ್ಚಿದರೆ ಸಂಬಂಧವೇ ಇಲ್ಲ! ಮುಂಗೈಗೆ ತುಟಿಯ ಬಣ್ಣ ಇಲ್ಲವಲ್ಲ. ಜೊತೆಗೆ ಲಿಕ್ವಿಡ್ ಲಿಪ್‌ಸ್ಟಿಕ್ ಹಸಿಯಾಗಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಬಹಳಷ್ಟು ಶೇಡ್‌ಗಳು ಒಣಗುತ್ತಾ ಗಾಢವಾಗುತ್ತವೆ. ಸ್ವಾಚ್ ಹಾಕಿದ ತಕ್ಷಣ ತೆಗೆದ ಫೋಟೋ ನಂಬಿ ಕೊಂಡವು ನಾಲ್ಕೋ ಐದೋ ಇದ್ದವು. ಅವುಗಳಲ್ಲಿ ಒಂದು ಎಷ್ಟು ಕಪ್ಪಾಯಿತೆಂದರೆ ತಂಗಿ ನೋಡಿ, "ಅಕ್ಕಾ, ಜ್ವರ ಬಂದಿದೆಯಾ?" ಎಂದಳು.

ಆಮೇಲೆ ಪೆಟ್ಟಿಗೆಯ ಹಿಂದೆ ಸಣ್ಣಕ್ಷರದಲ್ಲಿ ಇರುವ, ಏನೇನು ಹಾಕಿದ್ದಾರೆ ಎಂಬ ಪಟ್ಟಿ ಓದಲು ಕಲಿತೆ. ಅಲ್ಲಿಂದ ಆಟ ಬದಲಾಯಿತು. ಪಟ್ಟಿಯಲ್ಲಿ ಜಾಸ್ತಿ ಇರುವ ವಸ್ತು ಮೊದಲು ಬರುತ್ತದೆ, ಬಣ್ಣಗಳು ಸಾಮಾನ್ಯವಾಗಿ ಕೊನೆಯಲ್ಲಿ. ಹೊಳಪಿಲ್ಲದೆ ಗಟ್ಟಿಯಾಗಿ ಕೂರುವ ಮ್ಯಾಟ್‌ಗಳಲ್ಲಿ ಶುರುವಿನಲ್ಲೇ ಐಸೋಡೋಡೆಕೇನ್ ಎಂಬುದು ಕಾಣಿಸುತ್ತದೆ. ಬೇಗ ಆರಿಹೋಗುವ ದ್ರವ ಅದು. ಅದರ ಆಸುಪಾಸಿನಲ್ಲಿ ಟ್ರೈಮೀಥೈಲ್‌ಸಿಲಾಕ್ಸಿಸಿಲಿಕೇಟ್ ಎಂಬ ನಾಲಿಗೆ ಹೊರಳದ ಹೆಸರು. ಅದು ಸಿಲಿಕೋನ್ ರಾಳ. ದ್ರವ ಆರಿದ ಮೇಲೆ ಬಣ್ಣವನ್ನು ತುಟಿಗೆ ಹಿಡಿದು ಕೂರಿಸುವ ಪೊರೆ ಇದರದ್ದೇ. ನನ್ನ ದುಬಾರಿ ಟ್ಯೂಬಿನ ಪಟ್ಟಿಯಲ್ಲೂ ಇವೇ ಇದ್ದವು, ಅಗ್ಗದ್ದರಲ್ಲೂ ಇವೇ. ಎಷ್ಟೆಷ್ಟು ಬೆರೆಸಿದ್ದಾರೆ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ ಅನ್ನಿ, ವ್ಯತ್ಯಾಸ ಇರುವುದು ಅಲ್ಲೇ. ಆದರೂ ಜಾತಿ ಯಾವುದು ಎಂದು ಗೊತ್ತಾಗುತ್ತದೆ. ಅಂದಿನಿಂದ ನಾನು ಮೊದಲು ಜಾತಿ ನೋಡುತ್ತೇನೆ, ಆಮೇಲೆ ಬಣ್ಣ. ಬಣ್ಣ ಹೇಗೋ ಹೊಂದಿಕೊಳ್ಳುತ್ತದೆ, ತುಟಿಯ ಅಂಚು ಬರೆಯುವ ಒಂದು ಲಿಪ್ ಲೈನರ್ ಸಾಕು. ತುಟಿ ಬಿಗಿಯುವ ಲಿಪ್‌ಸ್ಟಿಕ್ ಜೊತೆ ಹೊಂದಿಕೊಳ್ಳಲು ಆಗುವುದಿಲ್ಲ.

ಉಳಿದುಕೊಂಡ ಎರಡರಲ್ಲಿ ಒಂದು ಮೇಬೆಲಿನ್ ಸೂಪರ್‌ಸ್ಟೇ ಮ್ಯಾಟ್ ಇಂಕ್, ಲವರ್ ಶೇಡ್. 5 ಮಿಲಿ ಟ್ಯೂಬ್, ಬಾಣದ ಮೊನೆಯಂಥ ಬ್ರಷ್. 16 ಗಂಟೆ ಎಂದು ಹೇಳಿಕೊಳ್ಳುತ್ತಾರೆ. ನಾನು ಅಷ್ಟು ಹೊತ್ತು ಯಾವುದನ್ನೂ ಇಟ್ಟುಕೊಂಡಿಲ್ಲ. ಬೆಳಿಗ್ಗೆ ಹಚ್ಚಿದ್ದು ಸಂಜೆವರೆಗೆ ನಿಂತಿದೆ, ನನಗೆ ಅಷ್ಟು ಸಾಕು. ಹಚ್ಚುವ ರೀತಿ ಮಾತ್ರ ತಿಳಿದಿರಬೇಕು. ತೆಳ್ಳಗೆ ಒಂದೇ ಪದರ, ಐದು ನಿಮಿಷ ತುಟಿಗೆ ತುಟಿ ತಾಗಿಸಬಾರದು. ನಾನು ಮೊದಮೊದಲು ಗಡಿಬಿಡಿಯಲ್ಲಿ ಎರಡು ದಪ್ಪ ಪದರ ಬಳಿದು, ಅಂಟಂಟಾಯಿತು ಎಂದು ಗೊಣಗುತ್ತಿದ್ದೆ. ತಪ್ಪು ನನ್ನದೇ.

ಇನ್ನೊಂದು ಎನ್‌ವೈಎಕ್ಸ್ ಸಾಫ್ಟ್ ಮ್ಯಾಟ್ ಲಿಪ್ ಕ್ರೀಮ್. ಇದು ಬೇರೆಯೇ ಜಾತಿ. ನೊರೆಯಂತೆ ಮೆತ್ತಗೆ, ಪೊರೆ ಕಟ್ಟಿ ಗಟ್ಟಿಯಾಗುವುದಿಲ್ಲ. ಲೋಟಕ್ಕೆ ಗುರುತು ಬೀಳುತ್ತದೆ, ಅದು ಈ ಜಾತಿಯ ಸ್ವಭಾವ. ತುಟಿ ಒಡೆದಿರುವ ದಿನ ನನಗೆ ಇದೇ ಬೇಕು. ಇದರಲ್ಲಿ 8 ಮಿಲಿ ಇರುತ್ತದೆ. ದುಬಾರಿ ಬ್ರ್ಯಾಂಡುಗಳಲ್ಲಿ 3 ಮಿಲಿ ಟ್ಯೂಬುಗಳೂ ಇವೆ, ಸ್ಟೀಲಾ ಬ್ರ್ಯಾಂಡಿನ ಸ್ಟೇ ಆಲ್ ಡೇ ಇರುವುದೂ ಅಷ್ಟೇ. ಬೆಲೆ ಹೋಲಿಸುವಾಗ ಟ್ಯೂಬಿಗೆ ಟ್ಯೂಬ್ ಇಟ್ಟು ನೋಡಬೇಡಿ, ಮಿಲಿಗೆ ಮಿಲಿ ನೋಡಿ. ಆದರೆ ಮುಚ್ಚಳ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಎಂಬ ಗುರುತು ಟ್ಯೂಬಿನ ಮೇಲೆ ಇರುತ್ತದಲ್ಲ, ತೆರೆದ ಡಬ್ಬಿಯ ಚಿತ್ರ, ಅದನ್ನೂ ನೋಡಿ. 8 ಮಿಲಿಯನ್ನು ಅಷ್ಟರಲ್ಲಿ ಮುಗಿಸುವ ಶಕ್ತಿ ನನಗಂತೂ ಇಲ್ಲ.

'ಅಗ್ಗದ್ದು ಅಂದರೆ ಕಳಪೆ' ಎನ್ನುವವರಿಗೆ ಒಂದು ಮಾತು. ಮೇಬೆಲಿನ್, ಎನ್‌ವೈಎಕ್ಸ್ ಎರಡೂ ಲೋರಿಯಲ್ ಕಂಪನಿಯ ಕೈಯಲ್ಲಿವೆ. ದುಬಾರಿ ಲ್ಯಾಂಕೋಮ್ ಕೂಡ ಅವರದ್ದೇ. 2015ರಲ್ಲಿ ಗದ್ದಲ ಎಬ್ಬಿಸಿದ, ಅಮೆರಿಕದ ಟಿವಿ ತಾರೆ ಕೈಲೀ ಜೆನ್ನರ್ ಅವರ ಲಿಪ್ ಕಿಟ್ ತಯಾರಿಸಿಕೊಟ್ಟಿದ್ದು ಸೀಡ್ ಬ್ಯೂಟಿ ಕಂಪನಿ, ಅಗ್ಗದ ಕಲರ್‌ಪಾಪ್ ಕೂಡ ಅವರದ್ದೇ ಕೂಸು. ಹಾಗಂತ ಒಂದೇ ಹಂಡೆಯಿಂದ ಎರಡೂ ಟ್ಯೂಬಿಗೆ ಸುರಿಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಕೆಲಸ ಗೊತ್ತಿರುವವರೇ ಎರಡೂ ಕಡೆ ಇದ್ದಾರೆ, ಅಷ್ಟೇ.

ತೆಗೆಯುವುದರ ಬಗ್ಗೆ ಸ್ವಲ್ಪ. ಗಟ್ಟಿ ಮ್ಯಾಟ್ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಜಗ್ಗುತ್ತದೆ. ಅದಕ್ಕೇ ಎಣ್ಣೆಯ ಊಟ ಮಾಡಿದರೆ ತುಟಿಯ ಒಳಅಂಚಿನಿಂದ ಬಣ್ಣ ಬಿಡುವುದು. ರಾತ್ರಿ ಹತ್ತಿಗೆ ಎಣ್ಣೆ ಹಾಕಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ನಾನು ಉಜ್ಜಿ ಉಜ್ಜಿ ತುಟಿ ಸುಲಿದುಕೊಂಡು, ಒಂದು ವಾರ ಬರೀ ಲಿಪ್ ಬಾಮ್‌ನಲ್ಲಿ ಓಡಾಡಿದ್ದೆ.

ಅಗ್ಗದ್ದರಲ್ಲಿ ನನಗೆ ಇನ್ನೂ ಸಿಗದಿರುವುದು ಒಳ್ಳೆಯ ನ್ಯೂಡ್, ಅಂದರೆ ಮೈಬಣ್ಣಕ್ಕೆ ಹತ್ತಿರದ ತಿಳಿ ಬಣ್ಣ. ತಿಳಿ ಬಣ್ಣ ಬರಿಸಲು ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಹಾಕುತ್ತಾರೆ. ಅದು ಜಾಸ್ತಿಯಾದರೆ ಕಂದು ಮೈಬಣ್ಣದವರ ತುಟಿ ಸುಣ್ಣ ಬಳಿದ ಹಾಗೆ ಕಾಣುತ್ತದೆ, ಗೆರೆಗೆರೆಯೂ ಎದ್ದು ಕಾಣುತ್ತದೆ. ಆರು ಶೇಡ್ ನೋಡಿದೆ, ಆರೂ ಡಬ್ಬಿ ಸೇರಿದವು. ಗಾಢ ಬಣ್ಣಗಳಿಗೆ ನಾನು ಮತ್ತೆ ದುಬಾರಿಯತ್ತ ತಿರುಗಿ ನೋಡಿಲ್ಲ. ನ್ಯೂಡ್ ಮಾತ್ರ ಹೋದ ತಿಂಗಳೂ ಹಲ್ಲು ಕಚ್ಚಿಕೊಂಡು ದುಬಾರಿಯದ್ದನ್ನೇ ಕೊಂಡೆ.