ಲಿವಿಂಗ್ ಹಿಸ್ಟರಿ ಫಾರ್ಮ್ಸ್: ಮೂಗುದಾರವಿಲ್ಲದ ಎತ್ತುಗಳ ಜೊತೆ ಒಂದು ದಿನ

ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡಿ ಮಾಯ್ನ್ ನಗರಕ್ಕೆ ಅಂಟಿಕೊಂಡಿರುವ ಅರ್ಬನ್‌ಡೇಲ್‌ನಲ್ಲಿ ಲಿವಿಂಗ್ ಹಿಸ್ಟರಿ ಫಾರ್ಮ್ಸ್ ಎಂಬ ಬಯಲು ವಸ್ತುಸಂಗ್ರಹಾಲಯವಿದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಮರೆ ಅವರ ಮುತುವರ್ಜಿಯಿಂದ 1970ರಲ್ಲಿ ಆರಂಭವಾದ ಇಲ್ಲಿ, 1700, 1850 ಮತ್ತು 1900ರ ಬೇಸಾಯವನ್ನು ಮೂರು ಬೇರೆ ಬೇರೆ ಜಮೀನುಗಳಲ್ಲಿ ಇಂದಿಗೂ ಮಾಡುತ್ತಾರೆ. ಮಕ್ಕಳು, ಹಿರಿಯರೆಲ್ಲ ಸೇರಿ ಸುಮಾರು ಇಪ್ಪತ್ತು ಮಂದಿ ಕನ್ನಡಿಗರು ಜೂನ್ ತಿಂಗಳಲ್ಲಿ ಒಂದು ದಿನ ಅಲ್ಲಿಗೆ ಹೋಗಿದ್ದೆವು.

1700ರ ಜಮೀನು ಅಯೋವೇ ಮೂಲನಿವಾಸಿಗಳದು. ಅವರಲ್ಲಿ ಹೊಲದ ಕೆಲಸವೆಲ್ಲ ಹೆಂಗಸರದೇ ಆಗಿದ್ದು, ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳಗಳನ್ನು ಕಾಡೆಮ್ಮೆಯ ಹೆಗಲೆಲುಬಿನಿಂದ ಮಾಡಿದ ಗುದ್ದಲಿಯಿಂದ ಬೆಳೆಯುತ್ತಿದ್ದರು. ರಾಜ್ಯಕ್ಕೆ ಹೆಸರು ಕೊಟ್ಟವರು ಇವರೇ ಆದ್ದರಿಂದ, ಅವಸರದಲ್ಲಿ ಈ ಭಾಗವನ್ನು ಬಿಟ್ಟು ಮುಂದೆ ಹೋಗುವುದು ನನಗಂತೂ ಸರಿಕಾಣುವುದಿಲ್ಲ.

ನಾವು ಹೆಚ್ಚು ಹೊತ್ತು ನಿಂತದ್ದು ಹೊರಗಿನಿಂದ ಬಂದು ನೆಲೆಸಿದ ವಲಸಿಗರ 1850ರ ಜಮೀನಿನಲ್ಲಿ. ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಕೊಡುವ ಹೋಮ್‌ಸ್ಟೆಡ್ ಕಾಯಿದೆ ಬಂದದ್ದು 1862ರಲ್ಲಿ. ಅದಕ್ಕೂ ಮೊದಲು ಬಂದ ಈ ವಲಸಿಗರು ಸರ್ಕಾರಕ್ಕೆ ಎಕರೆಗೆ 1.25 ಡಾಲರ್ ಕಟ್ಟಿ ನೆಲ ಕೊಳ್ಳಬೇಕಾಗಿತ್ತು. ಹಾಸನ ಸೀಮೆಯಲ್ಲಿ ಆಯುಷ್ಯವಿಡೀ ಆರಂಬ ಮಾಡಿದ ನಮ್ಮ ಮಾವನವರು ಅಲ್ಲಿನ ಎತ್ತಿನ ಜೋಡಿಯನ್ನು ಕಂಡೊಡನೆ ಕೇಳಿದ್ದು, "ಮೂಗುದಾರ ಎಲ್ಲಿ?" ಎಂದು. ಈ ಎತ್ತುಗಳಿಗೆ ನಮ್ಮವುಗಳಂತೆ ಹಿಣಿಲಿಲ್ಲ; ಹಾಗಾಗಿ ನೊಗವನ್ನು ಕತ್ತಿನ ಮೇಲಿಟ್ಟು, ಬಿಲ್ಲಿನಂತೆ ಬಗ್ಗಿಸಿದ ಮರವನ್ನು ಕೊರಳಿನ ಕೆಳಗಿನಿಂದ ತೂರಿಸಿ ನಿಲ್ಲಿಸುತ್ತಾರೆ. ನಡೆಸುವವರು ಎಡಬದಿಯಲ್ಲಿ ನಡೆಯುತ್ತ "ಜೀ" ಎಂದರೆ ಎತ್ತುಗಳು ಬಲಕ್ಕೆ, "ಹಾ" ಎಂದರೆ ಎಡಕ್ಕೆ ತಿರುಗಬೇಕು; ಹಗ್ಗದ ಮಾತೇ ಇಲ್ಲ. ಮಾವನವರು ಪ್ರಶ್ನೆ ಕೇಳುವುದು, ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವುದು, ಅಷ್ಟರಲ್ಲಿ ಅವರೂ ಎತ್ತು ನಡೆಸುವವರೂ ಕೈಸನ್ನೆಯಲ್ಲೇ ಅರ್ಥ ಮಾಡಿಕೊಂಡುಬಿಡುವುದು, ಹೀಗೆ ಅರ್ಧ ಗಂಟೆ ಸಾಗಿತು.

1900ರ ಜಮೀನಿನಲ್ಲಿ ಎತ್ತಿನ ಜಾಗಕ್ಕೆ ದೊಡ್ಡ ಮೈಕಟ್ಟಿನ ಕುದುರೆಗಳು ಬಂದಿವೆ. ಮೆಕ್ಕೆಜೋಳದ ಸಾಲಿನ ಆಚೆ ಈಚೆ ಒಂದೊಂದು ಕುದುರೆ ನಡೆಯುವಂತೆ ಹೂಡಿ, ಮೇಲೆ ಕುಳಿತು ಕಳೆ ತೆಗೆಯುವ ಉಪಕರಣವನ್ನು ಮಾವನವರು "ಇದು ಕೂತು ಹೊಡೆಯುವ ಎಡೆಕುಂಟೆ" ಎಂದು ಮಕ್ಕಳಿಗೆ ವಿವರಿಸಿದರು. ಮಕ್ಕಳಿಗೆ ಹಿಡಿಸಿದ್ದು ಮಾತ್ರ ತೆನೆಯಿಂದ ಕಾಳು ಬಿಡಿಸುವ ಕೈಯಂತ್ರ; ಹಿಡಿಕೆ ತಿರುಗಿಸಲು ಸರದಿಗಾಗಿ ಜಗಳವೇ ನಡೆಯಿತು. ತಡವಾಗಿ ಹೊರಟದ್ದು ನಮ್ಮದೇ ತಪ್ಪು, ಹೀಗಾಗಿ ಜಮೀನುಗಳ ಜೊತೆಗೆ ಇಲ್ಲೇ ಇರುವ 1876ರ ಕಾಲದ ಮಾದರಿ ಪೇಟೆಯಲ್ಲಿ ಕಮ್ಮಾರನ ಕುಲುಮೆಯೊಂದನ್ನಷ್ಟೇ ನೋಡಲಾಯಿತು.

ಜಾಗ ಸುಮಾರು 500 ಎಕರೆಯಷ್ಟಿದ್ದು, ಜಮೀನುಗಳಿಗೆ ಟ್ರ್ಯಾಕ್ಟರ್ ಎಳೆಯುವ ಗಾಡಿಯಲ್ಲಿ ಕರೆದೊಯ್ದರೂ ನಡಿಗೆ ತಪ್ಪಿದ್ದಲ್ಲ. ಗುಂಪಾಗಿ ಹೋಗುವವರು ಮುಂಚಿತವಾಗಿ ತಿಳಿಸುವುದು ಒಳ್ಳೆಯದು. ಕೈಗೆ ಸಿಗುವ ಕೆಲಸ ಋತುವಿನದಾದ್ದರಿಂದ, ಮೇ ತಿಂಗಳಲ್ಲಿ ಹೋದವರಿಗೆ ಬಿತ್ತನೆ, ಅಕ್ಟೋಬರಿನಲ್ಲಿ ಹೋದವರಿಗೆ ಮೆಕ್ಕೆಜೋಳದ ಕೊಯ್ಲು. ಮಾವನವರು ತೆನೆ ಮುರಿಯುವುದನ್ನು ನೋಡಿಯೇ ಊರಿಗೆ ಹೊರಡುವೆನೆಂದು ಟಿಕೆಟ್ಟನ್ನು ಮುಂದೂಡಿಸಿದ್ದಾರೆ.